ಬೀಗದ ಕೈ ಯಾರ ಕೈಲಿ?

ಪಂಚಾಯ್ತಿ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಅಂತ ಹೆಸರು. ಸಂತೋಷ. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಮೇಲಿವೆ. ಒಳಗೆ ಕೂತ ಒಬ್ಬನೇ ನೌಕರನಿಗೆ ‘ಮೇಲ್ವಿಚಾರಕ’ ಅಂತ ಬಿರುದು. ಯಾರ ಮೇಲೆ ವಿಚಾರಣೆ ಮಾರಾಯ್ರೆ? ಕಸ ಗುಡಿಸೋನೂ ಅವನೇ, ಪೇಪರ್ ಜೋಡಿಸೋನೂ ಅವನೇ, ರಿಜಿಸ್ಟರ್ ಬರೆಯೋನೂ ಅವನೇ. ಕೈಗೆ ಬರೋದನ್ನ ಸಂಬಳ ಅನ್ನಲಿಲ್ಲ, ‘ಗೌರವಧನ’ ಅಂದರು. 2019ರಲ್ಲಿ ಈ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಹೋದಾಗ ಆ ಗೌರವದ ಬೆಲೆ ತಿಂಗಳಿಗೆ 7,000 ರೂಪಾಯಿ. ಆಮೇಲೆ 12,000. ಧರಣಿ ಕೂತು ಕೂತು ಏರಿಸಿಕೊಂಡದ್ದು, ಯಾರೂ ಮನಸ್ಸು ಕರಗಿ ಕೊಟ್ಟದ್ದಲ್ಲ.

ಸರ್ಕಾರಕ್ಕೆ ದುಡ್ಡಿಲ್ಲವೆ? 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಕಂದಾಯದ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ. ಕೇರಿಯ ಮನೆಯೂ ಕಟ್ಟುತ್ತದೆ. ಕಟ್ಟಿಸಿಕೊಳ್ಳುವಾಗ ಮೈಲಿಗೆ ಇಲ್ಲ.

ಹಣದ ಮಾತು ಇರಲಿ. ಅದಕ್ಕಿಂತ ಒಳಗಿನ ಮಾತೊಂದಿದೆ. ಅದನ್ನು ಮನವಿ ಪತ್ರದಲ್ಲಿ ಬರೆಯೋದಕ್ಕೆ ನಾವೇ ಹಿಂಜರೀತೀವಿ.

ಡಿಗ್ರಿ ಮುಗಿಸಿದ ವರ್ಷ ನಾನು ಒಂದು ಗ್ರಂಥಾಲಯದಲ್ಲಿ ದಿನಗೂಲಿ ಮೇಲೆ ಎಂಟು ತಿಂಗಳಿದ್ದೆ. ಯಾವುದು ಅಂತ ಬೇಡ. ಹೆಸರು ಹೇಳಿದರೆ ಅದೊಂದೇ ಅಂಥದ್ದು ಅಂದುಕೊಳ್ತೀರಿ. ಮೂವರು ಒಂದೇ ದಿನ ಸೇರಿದೆವು, ಮೂವರದೂ ಬಿ.ಎ. ವಾರದೊಳಗೆ ಒಬ್ಬ ಕೌಂಟರಿಗೆ, ಒಬ್ಬ ಕಂಪ್ಯೂಟರಿಗೆ, ನಾನು ಧೂಳಿಗೆ. ಯಾರೂ ಜಾತಿ ಕೇಳಲಿಲ್ಲ. ಊರು ಕೇಳಿದರು, ಊರಲ್ಲಿ ಮನೆ ಯಾವ ಕಡೆ ಅಂತ ಕೇಳಿದರು. ಅಷ್ಟು ಸಾಕಲ್ಲ! ಬೀರುಗಳ ಬೀಗದ ಕೈ ಎಂಟು ತಿಂಗಳೂ ನನ್ನ ಕೈಗೆ ಬರಲಿಲ್ಲ. ಕಕ್ಕಸು ತೊಳೆಯೋ ಹೆಂಗಸು ಬಾರದ ದಿನ ಎಲ್ಲರ ಕಣ್ಣೂ ನನ್ನ ಕಡೆ. ಚಹಾಕ್ಕೆ ಅವರಿಗೆಲ್ಲ ಸ್ಟೀಲ್ ಲೋಟ, ಕಿಟಕಿ ಮೇಲೆ ನನಗೊಂದು ಪ್ಲಾಸ್ಟಿಕ್ ಲೋಟ. ಏಪ್ರಿಲ್ 14ಕ್ಕೆ ಮಾತ್ರ ಮೈಕು ನನ್ನ ಕೈಗೆ: “ನಿಮ್ಮವರದ್ದಲ್ವಾ, ನೀನೇ ಮಾತಾಡು.”

ಅದೇ ಬಾಬಾಸಾಹೇಬರು 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದಾಗ, ಅಧ್ಯಾಪಕರ ಕೋಣೆಯ ನೀರಿನ ಗಡಿಗೆ ಅವರು ಮುಟ್ಟಬಾರದು ಅಂತ ತಕರಾರು ಎತ್ತಿದವರು ಸಹೋದ್ಯೋಗಿ ಪ್ರಾಧ್ಯಾಪಕರೇ. ಕೊಲಂಬಿಯಾದಲ್ಲಿ ಓದಿ ಬಂದವರ ಗತಿ ಅದು. ಈಗ ಗಡಿಗೆ ಹೋಗಿ ಫಿಲ್ಟರ್ ಬಂದಿದೆ.

“ಎಲ್ಲ ಕೆಲಸವೂ ದೊಡ್ಡದೇ ಕಣಪ್ಪ” ಅಂತ ಬುದ್ಧಿ ಹೇಳುವ ಹಿರಿಯರಿದ್ದಾರೆ. ಹೌದು ಸ್ವಾಮಿ. ಆ ದೊಡ್ಡ ಕೆಲಸ ಒಂದು ವಾರ ನೀವು ಮಾಡಿ, ನಾವು ಸೀಲು ಹಾಕುತ್ತ ಕೂರ್ತೀವಿ. (ನಮ್ಮ ಬಂಡಾಯದ ಕವಿಗಳಿಗೂ ಒಂದು ಮಾತು: ನಿಮ್ಮ ಸಂಕಲನದ ಧೂಳು ಒರೆಸುವವಳ ಹೆಸರು ನಿಮಗೆ ಗೊತ್ತೆ?)

ಖಾಯಂ ಹುದ್ದೆಗೆ ರೋಸ್ಟರ್ ಇದೆ, ರೋಸ್ಟರಿನಲ್ಲಿ ನಾವಿದ್ದೇವೆ. ಹೊರಗುತ್ತಿಗೆ ಅಂದರೆ ಆ ಕಾಟವಿಲ್ಲ. ಗುತ್ತಿಗೆದಾರನಿಗೆ ಬೇಕಾದವನು ಕುರ್ಚಿಗೆ, ಬೇಡಾದವನು ಪೊರಕೆಗೆ. ಹೊರಗುತ್ತಿಗೆಗೂ ಮೀಸಲಾತಿ ಅಂತ ಸರ್ಕಾರ 2024ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿತು. ನಾವು ಕುಣಿದಾಡಿದೆವು. ಓದಿ ನೋಡಿದರೆ 20 ಜನಕ್ಕಿಂತ ಕಡಿಮೆ ಇರುವ ಕಡೆ ಅದು ನಡೆಯಲ್ಲ. ಮೂರು ಜನ, ನಾಲ್ಕು ಜನ ಇರುವ ನಮ್ಮ ಗ್ರಂಥಾಲಯಗಳಲ್ಲಿ 20 ಜನರನ್ನು ಎಲ್ಲಿಂದ ತರೋಣ?

ಅಮೆರಿಕದಲ್ಲಿ ಇ.ಜೆ. ಜೋಸಿ ಅಂತ ಒಬ್ಬ ಕರಿಯ ಗ್ರಂಥಪಾಲಕ. ಜಾರ್ಜಿಯಾ ರಾಜ್ಯದ ಗ್ರಂಥಾಲಯ ಸಂಘ ಅವರನ್ನು ಒಳಕ್ಕೆ ಬಿಟ್ಟಿರಲಿಲ್ಲ. 1964ರಲ್ಲಿ ರಾಷ್ಟ್ರೀಯ ಸಂಘದ ಸಮ್ಮೇಳನದಲ್ಲಿ ಎದ್ದು ನಿಂತರು. ಕರಿಯರನ್ನು ಸೇರಿಸಿಕೊಳ್ಳದ ರಾಜ್ಯ ಸಂಘಗಳ ಕಡೆ ನಮ್ಮ ಪದಾಧಿಕಾರಿಗಳು ಕಾಲಿಡಕೂಡದು ಅಂತ ನಿರ್ಣಯ ಮಂಡಿಸಿ ಗೆದ್ದರು. ಮರುವರ್ಷ ಜಾರ್ಜಿಯಾದ ಬಾಗಿಲು ತೆಗೆಯಿತು. 1970ರಲ್ಲಿ ಕರಿಯ ಗ್ರಂಥಪಾಲಕರದೇ ಒಂದು ಕೂಟ ಕಟ್ಟಿದರು. 1984ರಲ್ಲಿ ಅದೇ ರಾಷ್ಟ್ರೀಯ ಸಂಘಕ್ಕೆ ಅಧ್ಯಕ್ಷರಾದರು. ಓದುಗರಿಗೆ ಬಾಗಿಲು ತೆಗೆಸಿದ ಹೋರಾಟ ಬೇರೆ, ಇದು ಕೆಲಸಗಾರರದ್ದು.

ಅಷ್ಟು ದೂರ ಯಾಕೆ, ಭದ್ರಾವತಿ ಇದೆಯಲ್ಲ. ಬಿ. ಕೃಷ್ಣಪ್ಪ ಮೇಷ್ಟ್ರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ, 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿ ಬೆಳೆಸಿದ ಊರು. ಅಲ್ಲಿ ಕಾಗದವೂ ತಯಾರಾಗುತ್ತಿತ್ತು. ಎಂಪಿಎಂ ಯಂತ್ರಗಳು ಒಂದು ದಶಕದ ಹಿಂದೆಯೇ ನಿಂತವು. ನಮ್ಮಪ್ಪ ಆ ಕಾರ್ಖಾನೆಗೆ ಮರದ ದಿಮ್ಮಿ ಹೇರಿದವನು. ಅವನು ಹೇರಿದ ಮರ ಕಾಗದವಾಯಿತು, ಕಾಗದ ಪುಸ್ತಕವಾಯಿತು, ಪುಸ್ತಕ ಬೀರು ಸೇರಿತು. ಆ ಬೀರುವಿನ ಬೀಗದ ಕೈ ಅವನ ಮಗನಿಗೆ ಕೊಡಲು ಯಾವ ಶಾಸ್ತ್ರ ಅಡ್ಡಿ?

ಇದನ್ನು ಕೇಳೋದಕ್ಕೆ ಒಬ್ಬರೇ ಹೋಗಬೇಡಿ, ಒಬ್ಬರಾದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅಂತಾರೆ. ಸೇರಿ ಹೋಗಿ. ಕೆಲಸ ಹಂಚಿದ ಪಟ್ಟಿ ಗೋಡೆ ಮೇಲೆ ಹಾಕಿ ಅನ್ನಿ. ಕೌಂಟರು, ಕಂಪ್ಯೂಟರು, ಪೊರಕೆ ವಾರಕ್ಕೊಮ್ಮೆ ಎಲ್ಲರಿಗೂ ತಿರುಗಲಿ, ಅದರ ಜೊತೆ ಬೀಗದ ಕೈಯೂ ತಿರುಗಲಿ. ಲೋಟ ಬೇರೆ ಇಟ್ಟರೆ ಅದು ಮರ್ಯಾದೆಯ ಪ್ರಶ್ನೆ ಮಾತ್ರ ಅಲ್ಲ, ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆ ಅಂತ ಒಂದಿದೆ ಎಂಬುದನ್ನು ನೆನಪಿಸಿ. ಪಟ್ಟಿ ಇಲ್ಲ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು: ಎಷ್ಟು ಹುದ್ದೆ, ಎಷ್ಟು ಖಾಲಿ, ಹೊರಗುತ್ತಿಗೆಯವರು ಎಷ್ಟು, ಯಾರಿಗೆ ಯಾವ ಕೆಲಸ, ಯಾರ ಆದೇಶದ ಮೇಲೆ. 30 ದಿನದಲ್ಲಿ ಉತ್ತರ ಕೊಡಲೇಬೇಕು. ನಿಮ್ಮ ಹೆಸರಲ್ಲಿ ಹಾಕಲು ಭಯವಾದರೆ ಹೊರಗಿನ ಗೆಳೆಯರಿಂದ, ಊರಿನ ಮೇಷ್ಟ್ರಿಂದ ಹಾಕಿಸಿ.

ಶಿವಮೊಗ್ಗ, ಭದ್ರಾವತಿ ಕಡೆಯವರು ಬಂದ ಉತ್ತರಗಳನ್ನು ಈ ಪತ್ರಿಕೆಗೆ ಕಳಿಸಿ. ಒಂದಕ್ಷರ ತಿದ್ದದೆ ಅಚ್ಚು ಹಾಕೋಣ.