ಬಾಗಿಲಲ್ಲಿ ನಿಲ್ಲುವವರು

2015ರ ಜೂನ್ 17, ಬುಧವಾರ ಸಂಜೆ. ಅಮೆರಿಕದ ಚಾರ್ಲ್ಸ್‌ಟನ್ ನಗರದ ಇಮ್ಯಾನುಯೆಲ್ ಚರ್ಚಿನಲ್ಲಿ ಹತ್ತು ಹನ್ನೆರಡು ಮಂದಿ ವಾರದ ಬೈಬಲ್ ಅಧ್ಯಯನಕ್ಕೆ ಕೂತಿದ್ದರು. ಅದು ಗುಲಾಮಗಿರಿಯ ಕಾಲದಿಂದಲೂ ಏಟು ತಿನ್ನುತ್ತಲೇ ಉಳಿದುಕೊಂಡು ಬಂದ ಕಪ್ಪು ಜನರ ಸಭೆ. ಇಪ್ಪತ್ತೊಂದು ವರ್ಷದ ಬಿಳಿಯ ಹುಡುಗನೊಬ್ಬ ಒಳಗೆ ಬಂದ. ಯಾರಿಗೂ ಅವನ ಗುರುತಿರಲಿಲ್ಲ. ಸಭಾಪಾಲಕ ಕ್ಲೆಮೆಂಟಾ ಪಿಂಕ್ನಿ ಅವನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಅವತ್ತಿನ ಪಾಠ ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯ, ಬಿತ್ತುವವನ ಸಾಮ್ಯ. ಮುಕ್ಕಾಲು ಗಂಟೆ ಆತ ಎಲ್ಲರ ಜೊತೆ ಕೂತು ಕೇಳಿಸಿಕೊಂಡ. ಕೊನೆಯ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಪಿಸ್ತೂಲು ತೆಗೆದ. ಒಂಬತ್ತು ಮಂದಿ ಹೋದರು. ಪಿಂಕ್ನಿ ಹೋದರು, 87 ವರ್ಷದ ಸೂಸಿ ಜಾಕ್ಸನ್ ಹೋದರು, 26 ವರ್ಷದ ಟೈವಾಂಝ ಸ್ಯಾಂಡರ್ಸ್ ಹೋದ.

ಆ ಹುಡುಗನನ್ನು ಒಳಗೆ ಬಿಟ್ಟುಕೊಂಡದ್ದೇ ತಪ್ಪೇ? ಚಾರ್ಲ್ಸ್‌ಟನ್ನಿನವರು ಇದಕ್ಕೆ ಒಂದೇ ವಾರದಲ್ಲಿ ಉತ್ತರ ಕೊಟ್ಟರು. ಮುಂದಿನ ಬುಧವಾರ ಅದೇ ಕೋಣೆಯಲ್ಲಿ ಅಧ್ಯಯನ ನಡೆಯಿತು. ಬೆರಳೆಣಿಕೆಯ ಮಂದಿ ಕೂರುತ್ತಿದ್ದಲ್ಲಿಗೆ ನೂರಕ್ಕೂ ಹೆಚ್ಚು ಜನ ಬಂದರು. ಆ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೆ ಧೈರ್ಯವೊಂದನ್ನೇ ನೆಚ್ಚಿಕೊಂಡು ಸಭೆ ನಡೆಸಲಾಗದು. ಭಾನುವಾರ ಬೆಳಿಗ್ಗೆ ಮೊಮ್ಮಗುವಿನ ಕೈಹಿಡಿದು ಮೆಟ್ಟಿಲು ಹತ್ತುವ ಅಜ್ಜಿಯ ಜೀವಕ್ಕೆ ಯಾರೋ ಒಬ್ಬರು ಹೊಣೆ ಹೊರಲೇಬೇಕು.

ಟೆಕ್ಸಾಸಿನಲ್ಲಿ ಹಲವು ಸಭೆಗಳು ಬಂದೂಕಿನ ದಾರಿ ಹಿಡಿದವು. 2017ರ ನವೆಂಬರಿನಲ್ಲಿ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಇಪ್ಪತ್ತಾರು ಜೀವ ಹೋದ ಮೇಲೆ ಹಾಗಾದದ್ದರಲ್ಲಿ ಆಶ್ಚರ್ಯವಿಲ್ಲ. 2019ರ ಡಿಸೆಂಬರಿನಲ್ಲಿ ವೈಟ್ ಸೆಟ್ಲ್‌ಮೆಂಟ್ ಎಂಬಲ್ಲಿ ಆರಾಧನೆಯ ನಡುವೆ ಗುಂಡು ಹಾರಿಸಿದವನನ್ನು ಸಭೆಯ ಸ್ವಯಂಸೇವಕರೊಬ್ಬರು ಆರು ಸೆಕೆಂಡುಗಳಲ್ಲಿ ಹೊಡೆದುರುಳಿಸಿದರು. ಅಷ್ಟರಲ್ಲೇ ಇಬ್ಬರು ಸತ್ತಿದ್ದರು. ಆ ಸ್ವಯಂಸೇವಕರು ಅನೇಕರನ್ನು ಉಳಿಸಿದರು, ನಿಜ. ಆದರೂ ಬಂದೂಕು ಕೆಲಸಕ್ಕೆ ಬರುವುದು ಬಾಗಿಲಲ್ಲಿ ಆಗಬೇಕಾದದ್ದು ಆಗದೆ ಹೋದ ಮೇಲೆ. ನಮ್ಮ ಸಭೆಗಳಿಗೆ ಆ ದಾರಿ ಬೇಡ.

ಅದೇ ಟೆಕ್ಸಾಸಿನ ಕಾಲಿವಿಲ್‌ನಲ್ಲಿ ನಡೆದದ್ದರ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಅದು ಚರ್ಚಲ್ಲ, ಯೆಹೂದ್ಯರ ಸಿನಗಾಗ್. 2022ರ ಜನವರಿ 15, ಶನಿವಾರ, ಚಳಿ. ಅಪರಿಚಿತನೊಬ್ಬ ಬಂದು ಬಾಗಿಲು ತಟ್ಟಿದ. ರಬ್ಬಿ ಚಾರ್ಲಿ ಸೈಟ್ರನ್-ವಾಕರ್ ಅವನನ್ನು ಒಳಗೆ ಕರೆದು ಚಹಾ ಮಾಡಿ ಕೊಟ್ಟರು, ಮಾತಾಡಿಸಿದರು. ಆಮೇಲೆ ಪ್ರಾರ್ಥನೆಗೆ ಬೆನ್ನು ತಿರುಗಿಸಿ ನಿಂತಾಗ ಹಿಂದಿನಿಂದ ಪಿಸ್ತೂಲಿನ ಕ್ಲಿಕ್ ಸದ್ದು ಕೇಳಿಸಿತು. ನಾಲ್ವರು ಒತ್ತೆಯಾಳುಗಳಾದರು. ಸಂಜೆ ಒಬ್ಬರ ಬಿಡುಗಡೆಯಾಯಿತು. ರಾತ್ರಿ ಸಮಯ ನೋಡಿ ರಬ್ಬಿ ಅವನ ಮೇಲೆ ಕುರ್ಚಿ ಎಸೆದರು. ಉಳಿದ ಮೂವರೂ ಬಾಗಿಲಿನಿಂದ ಓಡಿ ಪಾರಾದರು. ತಮ್ಮನ್ನು ಉಳಿಸಿದ್ದು ಹಿಂದಿನ ವರ್ಷಗಳಲ್ಲಿ ಪಡೆದ ಸುರಕ್ಷತಾ ತರಬೇತಿ ಎಂದು ರಬ್ಬಿ ಆಮೇಲೆ ಹೇಳಿದರು. ಅಪರಿಚಿತರನ್ನು ಸ್ವಾಗತಿಸುವುದನ್ನು ಬಿಡುವುದಿಲ್ಲ ಎಂದೂ ಹೇಳಿದರು. ಚಹಾ ಮಾಡಿಕೊಟ್ಟದ್ದೂ ಅವರೇ, ಬಾಗಿಲು ಎಲ್ಲಿದೆಯೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದವರೂ ಅವರೇ.

ನಮಗೆ ತೀರ ಹತ್ತಿರದ ಉದಾಹರಣೆ ಶ್ರೀಲಂಕಾದ್ದು. 2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಮಟ್ಟಕ್ಕಳಪ್ಪಿನ ಸೀಯೋನ್ ಚರ್ಚಿನ ಅಂಗಳದಲ್ಲಿ ಸಂಡೇ ಸ್ಕೂಲ್ ಮುಗಿಸಿದ ಮಕ್ಕಳು ತಿಂಡಿ ತಿನ್ನುತ್ತಿದ್ದರು. ದೊಡ್ಡ ಚೀಲ ಹೊತ್ತ ಹೊಸಬನೊಬ್ಬ ಬಂದ. ರಮೇಶ್ ರಾಜು ಎಂಬ ಸಭೆಯ ಸದಸ್ಯರು ಅವನನ್ನು ಮಾತಾಡಿಸಿ ಚೀಲದಲ್ಲೇನೆಂದು ವಿಚಾರಿಸಿದರು. ಕ್ಯಾಮೆರಾ, ಆರಾಧನೆಯನ್ನು ಚಿತ್ರೀಕರಿಸಬೇಕು ಎಂದ. ಹಾಗಾದರೆ ಮೊದಲು ಪಾಸ್ಟರ್ ಅನುಮತಿ ಬೇಕು ಎಂದು ರಮೇಶ್ ಅವನನ್ನು ಹೊರಗೇ ತಡೆದರು. ಬಾಂಬು ಸಿಡಿದದ್ದು ಅಲ್ಲೇ. ರಮೇಶ್ ಸತ್ತರು, ಅಂಗಳದಲ್ಲಿದ್ದ ಎಷ್ಟೋ ಮಕ್ಕಳು ಸತ್ತರು. ಒಳಗಿದ್ದ ನೂರಾರು ಜನ ಬದುಕಿದರು. ರಮೇಶ್ ಕಾವಲುಗಾರರಲ್ಲ, ಕಟ್ಟಡದ ಕಂಟ್ರಾಕ್ಟರು. ಹೊಸಬರನ್ನು ಮಾತಾಡಿಸುವ ಮನಸ್ಸಿದ್ದವರು, ಅಷ್ಟೇ.

ಬಾಗಿಲಲ್ಲಿ ನಿಲ್ಲುವ ಈ ಕೆಲಸವನ್ನು ಹಿಂದಿನವರು ಹಗುರವಾಗಿ ಎಣಿಸಿರಲಿಲ್ಲ. ರೋಮಿನ ಸಭೆಯಲ್ಲಿ ಮೂರನೇ ಶತಮಾನದಷ್ಟು ಹಿಂದೆಯೇ ದ್ವಾರಪಾಲಕರ ಸ್ಥಾನವಿತ್ತು. ಗುರುಗಳಾಗುವವರು ಹತ್ತಬೇಕಾದ ಮೊದಲ ಮೆಟ್ಟಿಲುಗಳಲ್ಲಿ ಅದೊಂದಾಗಿ, 1972ರಲ್ಲಿ ಪೋಪ್ ಆರನೇ ಪೌಲರು ಕೈಬಿಡುವ ತನಕ ಕಥೋಲಿಕ ಸಭೆಯಲ್ಲಿ ಉಳಿದಿತ್ತು. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಕ್ಕೆ ಬರೆದ ನಿಯಮಾವಳಿಯಲ್ಲಿ ಬಾಗಿಲಿಗೆ ಒಬ್ಬ ವಿವೇಕಿ ವೃದ್ಧರನ್ನು ನೇಮಿಸಬೇಕೆಂದು ವಿಧಿಸಿದರು. ಅವರ ಕೋಣೆ ಬಾಗಿಲ ಪಕ್ಕದಲ್ಲೇ ಇರಬೇಕು. ಯಾರು ತಟ್ಟಿದರೂ ದೇವರಿಗೆ ಸ್ತೋತ್ರ ಎಂದು ಕೂಡಲೇ ಓಗೊಡಬೇಕು. ಬಂದ ಅತಿಥಿಯನ್ನು ಕ್ರಿಸ್ತನೆಂದೇ ಎಣಿಸಬೇಕು. ಆದರೆ ಶಾಂತಿಯ ಚುಂಬನ ಕೊಡುವ ಮೊದಲು ಅವನ ಜೊತೆ ಕೂಡಿ ಪ್ರಾರ್ಥಿಸಬೇಕು, ಯಾಕೆಂದರೆ ಮೋಸ ಇರಬಹುದು. ಗೌರವ, ಎಚ್ಚರ ಎರಡನ್ನೂ ಬೆನೆಡಿಕ್ಟರು ಒಂದೇ ಅಧ್ಯಾಯದಲ್ಲಿ ಬರೆದಿಟ್ಟಿದ್ದಾರೆ.

ನಮ್ಮ ನಾಡಿನ ಸಭೆಗಳಿಗೆ ಭಯ ಹೊಸದೇನಲ್ಲ. 2000ದ ಜೂನ್-ಜುಲೈ ತಿಂಗಳುಗಳಲ್ಲಿ ವಾಡಿ, ಹುಬ್ಬಳ್ಳಿ, ಬೆಂಗಳೂರಿನ ಚರ್ಚುಗಳಲ್ಲಿ ಬಾಂಬು ಸಿಡಿದವು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಅಡೋರೇಶನ್ ಮೊನಾಸ್ಟರಿಗೆ ಗುಂಪು ನುಗ್ಗಿತು. 2022ರಲ್ಲಿ ಮತಾಂತರ ನಿಷೇಧದ ಕಾಯ್ದೆ ಬಂದ ಮೇಲಂತೂ ಬಾಡಿಗೆ ಮನೆಯಲ್ಲಿ ಪ್ರಾರ್ಥನೆ ನಡೆಸುವ ಸಣ್ಣ ಪಾಸ್ಟರುಗಳಿಗೆ ಹೊಸ ಮುಖ ಕಂಡರೆ ಎದೆ ಡವಗುಟ್ಟುತ್ತದೆ. ಬಂದವನು ಪ್ರಾರ್ಥನೆಗೆ ಬಂದನೋ, ದೂರು ಬರೆಯಲು ಬಂದನೋ! ಈ ಭಯ ನಿಜವಾದದ್ದು. ಆದರೆ ಗುಂಪು ಕಟ್ಟಿಕೊಂಡು ಬರುವವರಿಗೂ, ಕಲಬುರಗಿಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಒಂದು ಕನ್ನಡ ಸಭೆ ಹುಡುಕಿಕೊಂಡು ಬರುವ ಹುಡುಗನಿಗೂ ವ್ಯತ್ಯಾಸವಿದೆ. ಆ ಹುಡುಗ ಚಪ್ಪಲಿ ಬಿಟ್ಟು ಒಳಗೆ ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ಕೊನೆಯ ಬೆಂಚಿನ ತುದಿಯಲ್ಲಿ ಕೂರುತ್ತಾನೆ. ಕೀರ್ತನೆ ಪುಸ್ತಕವನ್ನು ಅವನ ಕಡೆ ಚಾಚುವವರಿಲ್ಲ. ಆರಾಧನೆ ಮುಗಿದ ಮೇಲೆ ಯಾರಾದರೂ ಮಾತಾಡಿಸಿದರೂ ಕೇಳುವುದು ಒಂದೇ: ಯಾರ ಪೈಕಿ? ಈ ಪ್ರಶ್ನೆಯಿಂದ ಯಾವ ಸಭೆಯೂ ಸುರಕ್ಷಿತವಾಗಿಲ್ಲ. ಅದು ಜಾತಿ ಕೇಳುವ ಪ್ರಶ್ನೆ. ಅದನ್ನು ಬಿಟ್ಟು ಹೆಸರೇನು, ಎಲ್ಲಿ ಉಳಿದುಕೊಂಡಿದ್ದೀರಿ, ಊಟಕ್ಕೆ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರೆ ಪ್ರೀತಿಯೂ ಮುಟ್ಟುತ್ತದೆ, ಮನುಷ್ಯನ ಪರಿಚಯವೂ ಆಗುತ್ತದೆ.

ಇನ್ನೊಂದು ಮಾತನ್ನು ನುಂಗಿಕೊಳ್ಳಲಾರೆ. ಸಭೆಯ ಮಕ್ಕಳಿಗೆ ಆದ ಕೇಡು ಹೆಚ್ಚಾಗಿ ಹೊಸಬರಿಂದ ಬಂದದ್ದಲ್ಲ. ಬಾಸ್ಟನ್ನಿನ ಪತ್ರಿಕೆಯೊಂದು 2002ರಲ್ಲಿ ಬಯಲಿಗೆಳೆದದ್ದು ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ, ಎಲ್ಲರೂ ನಂಬಿದ್ದ ಗುರುಗಳನ್ನು, ಅವರನ್ನು ಮುಚ್ಚಿಟ್ಟ ಮೇಲಿನವರನ್ನು. ನಮ್ಮ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥದ್ದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಸಭೆಯ ಮಾನ ಹೋಗುತ್ತದೆಂದು ಹಿರಿಯರು ಒಳಗೊಳಗೇ ರಾಜಿ ಮಾಡಿಸುವಂತಿಲ್ಲ. ಸಂಡೇ ಸ್ಕೂಲ್ ಕೋಣೆಯಲ್ಲಿ ದೊಡ್ಡವರು ಒಬ್ಬರೇ ಇರಕೂಡದು ಎಂಬ ನಿಯಮ ಹೊಸಬರಿಗೆ ಎಷ್ಟೋ, ಮೂವತ್ತು ವರ್ಷದ ಹಳಬರಿಗೂ ಅಷ್ಟೇ, ಪಾಸ್ಟರಿಗೂ ಅಷ್ಟೇ.

ಕ್ರಿಸ್ಮಸ್ ಬರುತ್ತಿದೆ. ವರ್ಷದಲ್ಲಿ ಅತಿ ಹೆಚ್ಚು ಹೊಸಬರು, ಬೇರೆ ಧರ್ಮದ ನೆರೆಹೊರೆಯವರು ನಮ್ಮ ಮೆಟ್ಟಿಲು ಹತ್ತುವುದು ಆ ರಾತ್ರಿಯೇ. ಗೇಟಿಗೆ ಏಜೆನ್ಸಿಯ ವಾಚ್‌ಮನ್ ಒಬ್ಬನನ್ನು ನಿಲ್ಲಿಸಿ, ಕಂಬಕ್ಕೊಂದು ಕ್ಯಾಮೆರಾ ಕಟ್ಟಿ ಕೈತೊಳೆದುಕೊಳ್ಳಬೇಡಿ. ಸಭಾ ಕಮಿಟಿಯವರು ಮುಂದಿನ ಸಭೆಯಲ್ಲೇ ನಾಲ್ಕೈದು ಮಂದಿಯನ್ನು ಬಾಗಿಲ ಸೇವೆಗೆ ಆರಿಸಿ. ಹೆಂಗಸರಿರಲಿ, ಮುಖ ನೋಡಿ ಮನಸ್ಸು ಅರಿಯಬಲ್ಲ ನಿವೃತ್ತ ಶಿಕ್ಷಕರೋ ನರ್ಸೋ ಇರಲಿ. ಠಾಣೆಯ ನಂಬರು ಅವರ ಬಳಿ ಇರಲಿ, ಹಿಂದಿನ ಬಾಗಿಲಿಗೆ ಬೀಗ ಬೇಡ, ಎಲ್ಲರೂ ಕಣ್ಣು ಮುಚ್ಚಿದಾಗ ಅವರಲ್ಲಿ ಒಬ್ಬರು ಕಣ್ಣು ತೆರೆದಿರಲಿ. ಗಾಯನವೃಂದದವರನ್ನು ಹೇಗೆ ವೇದಿಕೆಯ ಮುಂದೆ ಕರೆದು ಆಶೀರ್ವದಿಸುತ್ತೀರೋ ಹಾಗೆಯೇ ಇವರನ್ನೂ ಇಡೀ ಸಭೆಯ ಮುಂದೆ ಆಶೀರ್ವದಿಸಿ ಬಾಗಿಲಿಗೆ ಕಳಿಸಿ.