ಛಲದ ಉಪದೇಶ ಸಾಕು, ಜತೆಗಾರರನ್ನು ಕೊಡಿ

ಬಡವರ, ದಲಿತರ, ಮುಸ್ಲಿಮರ ಮನೆಯಿಂದ ಬಂದ ಮಕ್ಕಳು ವಿಶ್ವವಿದ್ಯಾಲಯದಲ್ಲಿ ನಪಾಸಾದರೆ ಕೇಳಿಬರುವ ಮಾತು ಒಂದೇ: 'ಅವರಲ್ಲಿ ಛಲವಿಲ್ಲ, ಮನೆಯಲ್ಲಿ ಓದಿನ ವಾತಾವರಣವಿಲ್ಲ.' ಮದ್ದೂ ಸಿದ್ಧವಿದೆ. ಒಂದು ವ್ಯಕ್ತಿತ್ವ ವಿಕಸನ ಶಿಬಿರ ನಡೆಸಿ, ಭಾಷಣಕಾರರಿಗೆ ಶಾಲು ಹೊದಿಸಿ ಕಳಿಸಿದರೆ ಕರ್ತವ್ಯ ಮುಗಿಯಿತು! ರೋಗ ಯಾವುದೆಂದೇ ತಿಳಿಯದೆ ಕೊಡುವ ಮದ್ದಿದು ಎಂಬುದು ನಮ್ಮ ವಾದ.

1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲೂ ಇದೇ ಮಾತಿತ್ತು. ಅಲ್ಲಿ ಕರಿಯ ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೋಲುತ್ತಿದ್ದರು. ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞ ಅವರಲ್ಲಿ 20 ಮಂದಿಯನ್ನೂ, ಚೀನೀ ಮೂಲದ 20 ಮಂದಿಯನ್ನೂ ಹತ್ತಿರದಿಂದ ಗಮನಿಸಿದರು. ಕರಿಯ ವಿದ್ಯಾರ್ಥಿಗಳಲ್ಲಿ ಛಲಕ್ಕೇನೂ ಕೊರತೆಯಿರಲಿಲ್ಲ. ಒಬ್ಬರೇ ಹೋರಾಡಿ ಅಲ್ಲಿಯ ತನಕ ಬಂದವರು, ಅಲ್ಲಿಯೂ ಒಬ್ಬರೇ ಓದುತ್ತಿದ್ದರು. ಎಡವಿದ್ದು ಅಲ್ಲೇ. ಚೀನೀ ಮೂಲದವರು ಮೊದಲು ತಾವೇ ಲೆಕ್ಕ ಮಾಡಿ, ಅನಂತರ ಒಟ್ಟಾಗಿ ಕುಳಿತು ಪರಸ್ಪರ ತಪ್ಪು ತಿದ್ದುತ್ತಿದ್ದರು. ತನ್ನ ತಪ್ಪು ತನ್ನೊಬ್ಬನದ್ದಲ್ಲ, ಲೆಕ್ಕವೇ ಕಠಿಣ ಎಂದು ತಿಳಿಯುತ್ತಿದ್ದುದೂ ಆ ಗುಂಪಿನಲ್ಲೇ.

ಟ್ರೈಸ್‌ಮನ್ ಹಿಂದುಳಿದವರಿಗೆಂದು ಸುಲಭ ಪಾಠ ಮಾಡಲಿಲ್ಲ. ಇನ್ನಷ್ಟು ಕಠಿಣ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಕೂರಿಸಿದರು. ಈ ಕಾರ್ಯಾಗಾರಗಳಿಗೆ ಬಂದವರ ಫಲಿತಾಂಶ ಬಹಳ ಸುಧಾರಿಸಿತು.

ಗುಂಪು ಓದು ಎಂದರೆ ಹರಟೆ, ನಕಲು ಎನ್ನುವ ಅಧ್ಯಾಪಕರು ನಮ್ಮಲ್ಲಿದ್ದಾರೆ. ಮೊದಲು ಸ್ವಂತ ಯತ್ನ, ಬಳಿಕ ಚರ್ಚೆ ಎಂಬ ಶಿಸ್ತಿರುವಲ್ಲಿ ಇತರರಿಗೆ ವಿವರಿಸಲಾರದವನ ನಕಲು ಕೂಡಲೇ ಬಯಲಾಗುತ್ತದೆ. ನಮ್ಮ ಹಳ್ಳಿಯ ಹುಡುಗಿ ಕೊನೆಯ ಬಸ್ಸು ತಪ್ಪೀತೆಂದು ತರಗತಿ ಮುಗಿದೊಡನೆ ಓಡುತ್ತಾಳೆ. ಮನೆಯಲ್ಲಿ ಅವಳ ಸಂದೇಹ ಕೇಳುವವರಿಲ್ಲ. ಇಂಥವಳಿಗೆ ಛಲದ ಪಾಠ ಯಾಕೆ? ದಿನವೂ ಆ ಬಸ್ಸು ಹಿಡಿದು ಕಾಲೇಜಿಗೆ ಬರುವುದೇ ಛಲವಲ್ಲವೇ?

ಮುಸ್ಲಿಮರಲ್ಲಿ ಪದವೀಧರರ ಪ್ರಮಾಣ ತೀರಾ ಕಡಿಮೆ ಎಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. 2009ರಲ್ಲಿ ಅಲ್ಪಸಂಖ್ಯಾತ ಸಂಶೋಧಕರಿಗಾಗಿ ಬಂದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು 2022ರಲ್ಲಿ ಕೇಂದ್ರ ಸರಕಾರ ನಿಲ್ಲಿಸಿತು. ಆಸರೆ ಕಿತ್ತುಕೊಂಡು ಎದೆಗುಂದಬೇಡಿ ಎನ್ನುವುದು ಉಪದೇಶವಲ್ಲ, ಅಣಕ.

ನಾವು ಕೇಳುವುದು ದೊಡ್ಡದೇನಲ್ಲ. ವೇಳಾಪಟ್ಟಿಯೊಳಗೇ ದಿನಕ್ಕೊಂದು ಗಂಟೆ, ಒಂದು ತೆರೆದ ಕೊಠಡಿ, ಎಲ್ಲ ಹಿನ್ನೆಲೆಯವರೂ ಬೆರೆತ ಗುಂಪುಗಳು, ಜತೆಗೊಬ್ಬ ಹಿರಿಯ ವಿದ್ಯಾರ್ಥಿ. ಇಷ್ಟನ್ನೂ ಒದಗಿಸಲಾಗದ ವಿಶ್ವವಿದ್ಯಾಲಯಕ್ಕೆ ತನ್ನ ಮಕ್ಕಳನ್ನು ದುರ್ಬಲರೆನ್ನುವ ಹಕ್ಕಿಲ್ಲ.