ಮುಳ್ಳಿಗೆ ಲೆಕ್ಕ ಕಲಿಸುವುದು

ಅಮೆರಿಕದ ಅನೇಕ ಮನೆಗಳಲ್ಲಿ ಗ್ಯಾರೇಜು ಎಂದರೆ ಕಾರು ನಿಲ್ಲಿಸುವ ಜಾಗ ಮಾತ್ರವಲ್ಲ, ಪುಟ್ಟ ಕಾರ್ಯಾಗಾರವೂ ಹೌದು. ರಜೆಯ ದಿನಗಳಲ್ಲಿ ಅಪ್ಪ, ಮಕ್ಕಳು ಸೇರಿ ಹಳೆಯ ಕಾರನ್ನು ಬಿಚ್ಚಿ ಜೋಡಿಸುವುದುಂಟು. ಅಜ್ಜನ ಕಾಲದ 1955ರ ಷೆವರ್ಲೆ ಕಾರಿಗೆ, 1997ರಲ್ಲಿ ಕಾರ್ವೆಟ್‌ನೊಂದಿಗೆ ಬಂದ ಎಲ್‌ಎಸ್ ವರ್ಗದ ಎಂಜಿನ್ ಕೂರಿಸುವುದು ಅಂಥವರ ಮೆಚ್ಚಿನ ಹವ್ಯಾಸ. ಹೊರಗೆ ಹಳೆಯ ಚೆಲುವು, ಒಳಗೆ ಹೊಸ ಬಲ.

ತಿಂಗಳುಗಟ್ಟಲೆ ದುಡಿದ ಮೇಲೆ ಒಂದು ದಿನ ಎಂಜಿನ್ ಗುಡುಗುತ್ತದೆ, ಕಾರು ರಸ್ತೆಗಿಳಿಯುತ್ತದೆ. ಆದರೆ ಅಂಗಡಿಯಿಂದ ತಂದು ಹಾಕಿದ ಹೊಸ ಸ್ಪೀಡೋಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕದಲುವುದಿಲ್ಲ. ಅಥವಾ ಕದಲಿದರೂ ಮನಬಂದಂತೆ ಅಂಕಿ ತೋರಿಸುತ್ತದೆ. ಮೀಟರು ಕೆಟ್ಟಿದೆಯೇ? ಎಷ್ಟೋ ಸಲ ಪಾಪ, ಮೀಟರಿನದು ತಪ್ಪೇ ಇರುವುದಿಲ್ಲ.

ಮೊದಲು ಒಂದು ಗುಟ್ಟು ತಿಳಿದುಕೊಳ್ಳಬೇಕು. ಸ್ಪೀಡೋಮೀಟರಿಗೆ ವೇಗವೆಂದರೆ ಏನೆಂದೇ ಗೊತ್ತಿಲ್ಲ! ಅದಕ್ಕೆ ಗೊತ್ತಿರುವುದು ಸುತ್ತುಗಳು ಮಾತ್ರ. ಅದರ ಸಂಬಂಧವೂ ಎಂಜಿನ್ನಿನೊಡನೆ ಅಲ್ಲ, ಗೇರ್‌ಬಾಕ್ಸಿನ ಹಿಂತುದಿಯೊಡನೆ. ಅಲ್ಲಿಂದ ಹೊರಟ ಪ್ರೊಪೆಲ್ಲರ್ ಶಾಫ್ಟ್ ಎಂಬ ದಂಡವೇ ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಎಂಜಿನ್ ಮಾತ್ರ ಬದಲಿಸಿ ಗೇರ್‌ಬಾಕ್ಸನ್ನು ಹಾಗೆಯೇ ಉಳಿಸಿಕೊಂಡರೆ ಮೀಟರಿಗೆ ಏನೂ ತೊಂದರೆಯಿಲ್ಲ. ಆದರೆ ಹೊಸ ಎಂಜಿನ್ನಿನ ಜೊತೆ ಸಾಮಾನ್ಯವಾಗಿ ಹೊಸ ಗೇರ್‌ಬಾಕ್ಸೂ ಬರುತ್ತದೆ. ತೊಡಕು ಶುರುವಾಗುವುದು ಅಲ್ಲಿ.

ಹಳೆಯ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಮೀಟರಿಗೆ ಒಂದು ತಿರುಗುವ ಕೇಬಲ್ ಇರುತ್ತಿತ್ತು. ಕೇಬಲಿನ ತುದಿಯಲ್ಲಿ ಆಯಸ್ಕಾಂತ, ಅದನ್ನು ಮುಟ್ಟದಂತೆ ಕವಿದ ಅಲ್ಯೂಮಿನಿಯಂ ಬಟ್ಟಲು. ಆಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ; ಅದು ಬಟ್ಟಲನ್ನು ತನ್ನೊಡನೆ ಎಳೆಯುತ್ತದೆ. ನವಿರಾದ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಈ ಹಗ್ಗಜಗ್ಗಾಟ ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟ್ಟೋ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಇಪ್ಪತ್ತನೆಯ ಶತಮಾನದ ಬಹುಪಾಲು ವಾಹನಗಳಲ್ಲಿ ಬಳಕೆಯಲ್ಲಿತ್ತು.

ಹೊಸ ಗೇರ್‌ಬಾಕ್ಸಿನಲ್ಲಿ ಈ ಕೇಬಲಿಗೆ ಜಾಗವೇ ಇಲ್ಲ. ಅದರ ಬದಲು ಒಳಗೆ ಹಲ್ಲಿನ ಚಕ್ರವೊಂದಿದೆ, ಪಕ್ಕದಲ್ಲಿ ಒಂದು ಸಂವೇದಕವಿದೆ. ಒಂದೊಂದು ಹಲ್ಲು ಹಾದಾಗಲೂ ಸಂವೇದಕದಿಂದ ಒಂದು ವಿದ್ಯುತ್ ಮಿಡಿತ ಹೊರಡುತ್ತದೆ. ಎಲ್‌ಎಸ್ ಎಂಜಿನ್ನುಗಳ ಜೊತೆ ಬರುವ ಹಲವು ಗೇರ್‌ಬಾಕ್ಸುಗಳಲ್ಲಿ ಈ ಹಲ್ಲುಗಳ ಸಂಖ್ಯೆ 40. ಅಂಗಡಿಯ ಎಲೆಕ್ಟ್ರಾನಿಕ್ ಮೀಟರು ಈ ಮಿಡಿತಗಳನ್ನು ಎಣಿಸುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಚಕ್ರದ ಸುತ್ತಳತೆ 2 ಮೀಟರ್ ಎಂದುಕೊಳ್ಳಿ. ಒಂದು ಕಿಲೋಮೀಟರಿಗೆ ಚಕ್ರ 500 ಸುತ್ತು ತಿರುಗುತ್ತದೆ. ಚಕ್ರದ ಒಂದು ಸುತ್ತಿಗೆ ದಂಡದ 4 ಸುತ್ತು ಎಂದರೆ, ದಂಡ 2,000 ಸುತ್ತು. ಸುತ್ತಿಗೆ 40 ಮಿಡಿತದಂತೆ ಕಿಲೋಮೀಟರಿಗೆ 80,000 ಮಿಡಿತ. ಮೀಟರಿಗೆ ಕಲಿಸಬೇಕಾದ ಪಾಠ ಇಷ್ಟೇ: ‘80,000 ಎಣಿಸಿದರೆ ಒಂದು ಕಿಲೋಮೀಟರ್.’

ಈ ಪಾಠ ತಪ್ಪಾದರೆ ಏನಾಗುತ್ತದೆ? ಮೀಟರು ಕಿಲೋಮೀಟರಿಗೆ 1,00,000 ಮಿಡಿತವೆಂದು ನಂಬಿದೆ ಎನ್ನಿ. ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೂ ಮುಳ್ಳು ತೋರಿಸುವುದು 64. ವ್ಯತ್ಯಾಸ ಬರೀ 16 ತಾನೇ ಎನ್ನಬೇಡಿ. ಬ್ರೇಕ್ ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ನ್ನು 64ರಿಂದ ಭಾಗಿಸಿ ವರ್ಗ ಮಾಡಿ ನೋಡಿ: ಉತ್ತರ ಒಂದೂವರೆಗಿಂತ ಹೆಚ್ಚು. ಚಾಲಕ ಮನಸ್ಸಿನಲ್ಲಿ 64ರ ಅಂದಾಜು ಇಟ್ಟುಕೊಂಡು ಬ್ರೇಕ್ ಒತ್ತುತ್ತಾನೆ. ಕಾರು ಅದರ ಒಂದೂವರೆ ಪಟ್ಟು ದೂರ ಓಡಿ ನಿಲ್ಲುತ್ತದೆ. ಆ ಹೆಚ್ಚಿನ ದೂರದಲ್ಲಿ ರಸ್ತೆ ದಾಟುವ ಮಗುವೊಂದು ಇದ್ದರೆ?

ಆದ್ದರಿಂದಲೇ ಬಲ್ಲವರು ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷಿಸುತ್ತಾರೆ. ಮೊದಲು ಮೀಟರಿಗೆ ವಿದ್ಯುತ್ ಬರುತ್ತಿದೆಯೇ, ಅರ್ಥ್ ತಂತಿ ಗಟ್ಟಿಯಾಗಿದೆಯೇ ಎಂದು ನೋಡುತ್ತಾರೆ. ಅನಂತರ ಸಂವೇದಕದ ಸರದಿ. ಮೂರು ತಂತಿಯ ಹಾಲ್ ಸಂವೇದಕವಾದರೆ ಅದಕ್ಕೂ ವಿದ್ಯುತ್ ಕೊಡಬೇಕು. ಎರಡು ತಂತಿಯದು ತಾನೇ ವಿದ್ಯುತ್ ಹುಟ್ಟಿಸುತ್ತದೆ. ಆದರೆ ದಂಡ ನಿಧಾನವಾಗಿ ತಿರುಗಿದರೆ ಅದರ ದನಿ ಬಲು ಕ್ಷೀಣ. ಅದನ್ನು ಕೈಯಿಂದ ತಿರುಗಿಸಿ ನೋಡಿ ‘ಸತ್ತಿದೆ’ ಎಂದು ತೀರ್ಮಾನಿಸುವುದು ಆತುರವಾದೀತು. ಮಿಡಿತದ ತಂತಿಯನ್ನು ಸ್ಪಾರ್ಕ್ ಪ್ಲಗ್ಗಿನ ತಂತಿಗಳ ಪಕ್ಕದಲ್ಲೇ ಎಳೆದಿದ್ದರೆ ನಿಂತ ಕಾರಿನಲ್ಲೂ ಮುಳ್ಳು ಕುಣಿಯಬಹುದು. ಎರಡನ್ನೂ ದೂರ ಇಡುವುದೇ ಮದ್ದು.

ಇನ್ನೊಂದು ದಾರಿಯೂ ಇದೆ. ಎಂಜಿನ್ನಿನ ಕಂಪ್ಯೂಟರು ಸಂವೇದಕದ ಮಿಡಿತಗಳನ್ನು ತಾನೇ ಎಣಿಸಿ, ಮೈಲಿಗೆ 4,000ದಂತೆ ಅಚ್ಚುಕಟ್ಟಾಗಿ ಮೀಟರಿಗೆ ಕಳಿಸಬಲ್ಲದು. ಆದರೆ ಟೈರಿನ ಅಳತೆ, ಹಿಂದಿನ ಗೇರಿನ ಅನುಪಾತ ಎಷ್ಟೆಂದು ಆ ಕಂಪ್ಯೂಟರಿಗೂ ಹೇಳಿಕೊಟ್ಟಿರಬೇಕು.

ಕೊನೆಯದು ನಿಜವಾದ ಪಾಠ. ಅಳೆದ ಒಂದು ಮೈಲಿ ರಸ್ತೆಯ ಆರಂಭದಲ್ಲಿ ಮೀಟರಿನ ಗುಂಡಿ ಒತ್ತಿ, ಕಾರನ್ನು ಆ ಕೊನೆಗೆ ಓಡಿಸಿ, ಮತ್ತೆ ಒತ್ತುತ್ತಾರೆ. ನಡುವೆ ಬಂದ ಮಿಡಿತಗಳನ್ನು ಮೀಟರು ನೆನಪಿಡುತ್ತದೆ. ಅಳತೆ ಸರಿಯಾಗಿದ್ದರೆ ಮುಂದೆ ಮುಳ್ಳೂ ಸರಿ, ಕಿಲೋಮೀಟರ್ ಲೆಕ್ಕವೂ ಸರಿ. ಟೈರಿನ ಗಾತ್ರ ಬದಲಿಸಿದ ದಿನ ಮಾತ್ರ ಪಾಠವನ್ನು ಮತ್ತೆ ಹೇಳಿಕೊಡಬೇಕು.

ಅಂಗಡಿಯಿಂದ ಹೊಸದಾಗಿ ತಂದ ಕಾರಿನ ಮೀಟರೂ ಕರಾರುವಾಕ್ಕಲ್ಲ ಎಂಬುದು ಗೊತ್ತೇ? ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 39ನೇ ನಿಯಮದಂತೆ ಮೀಟರು ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಬಹುದು, ಅದೂ ನಿಜ ವೇಗದ ಹತ್ತನೇ ಒಂದು ಭಾಗಕ್ಕೆ 4 ಸೇರಿಸಿದಷ್ಟು ಮಾತ್ರ. ನಿಜ ವೇಗ 80 ಇದ್ದರೆ ಮುಳ್ಳು 80ರಿಂದ 92ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಮೊಬೈಲ್ ಫೋನಿನ ಜಿಪಿಎಸ್ ಸಾಮಾನ್ಯವಾಗಿ ಕಾರಿನ ಮೀಟರಿಗಿಂತ ತುಸು ಕಡಿಮೆ ವೇಗ ತೋರಿಸುವುದಕ್ಕೆ ಇದೇ ಕಾರಣ.

ಎಂಜಿನ್ ಬದಲಿಸುವ ಹವ್ಯಾಸ ನಮ್ಮಲ್ಲಿ ಅಷ್ಟು ಸುಲಭವಲ್ಲ. ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಆದರೆ ಲೆಕ್ಕ ಮಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ನಿಮ್ಮ ಸೈಕಲ್ಲಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ. ಅಂಗಳದಲ್ಲಿ ಹತ್ತು ಸುತ್ತು ಉರುಳಿಸಿ, ಸಾಗಿದ ದೂರ ಅಳೆದು ಹತ್ತರಿಂದ ಭಾಗಿಸಿ. ಶಾಲೆಗೆ ಎಷ್ಟು ಸುತ್ತು ಎಂದು ಎಣಿಸಿದರೆ ದಾರಿಯ ದೂರ ಕೈಗೆ ಸಿಕ್ಕಿತು. ಅಪ್ಪ, ಅಮ್ಮನ ಜೊತೆ ಹೆದ್ದಾರಿಯಲ್ಲಿ ಹೋಗುವಾಗ ಹಿಂದಿನ ಸೀಟಿನಲ್ಲಿ ಕುಳಿತು, ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡು ಎಂದು ಗಡಿಯಾರ ನೋಡಿ. ಕಾರು ಒಂದೇ ಸಮನೆ ಓಡುತ್ತಿರಲಿ. 3,600ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವೇಗ ಬರುತ್ತದೆ. 72 ಸೆಕೆಂಡಾದರೆ ಗಂಟೆಗೆ 50 ಕಿಲೋಮೀಟರ್.

ಆಮೇಲೆ ಮುಳ್ಳು ಏನು ಹೇಳುತ್ತಿತ್ತೆಂದು ಅಪ್ಪ, ಅಮ್ಮನನ್ನು ಕೇಳಿ. ಎರಡೂ ಹೊಂದಿಕೆಯಾಗದಿದ್ದರೆ ಮೀಟರನ್ನು ಬೈಯುವ ಮೊದಲು ವಿಚಾರಿಸಬೇಕಾದ ಪ್ರಶ್ನೆ ಒಂದೇ: ಅದಕ್ಕೆ ಕಿಲೋಮೀಟರಿನ ಲೆಕ್ಕ ಹೇಳಿಕೊಟ್ಟವರು ಸರಿಯಾಗಿ ಹೇಳಿಕೊಟ್ಟಿದ್ದರೇ?